ಆಕ್ಷೇಪಣೆ ಇದೆ, ಮಹಾಸ್ವಾಮಿ

ನಮ್ಮ ತಂದೆ ತಾಲ್ಲೂಕು ಕೋರ್ಟಿನಲ್ಲಿ ಬೆರಳಚ್ಚುಗಾರರಾಗಿದ್ದರು. ಸಾಕ್ಷಿ ಕಟಕಟೆಯಲ್ಲಿ ನಿಂತು ತಡವರಿಸಿ ಹೇಳಿದ್ದನ್ನು ನ್ಯಾಯಾಧೀಶರು ಒಂದು ವಾಕ್ಯಕ್ಕೆ ತಂದು ಹೇಳುವರು, ತಂದೆ ಅದನ್ನು ಟೈಪು ಮಾಡುವರು. ಪಾಟೀಸವಾಲಿನ ಹಾಳೆಗಳಲ್ಲಿ ಸಾಲು ಸಾಲೂ ಒಂದೇ ಬಗೆಯಲ್ಲಿ ಮುಗಿಯುತ್ತಿತ್ತು. ‘ಆ ದಿನ ನಾನು ಊರಿನಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ.’ ‘ಹಳೆಯ ದ್ವೇಷದಿಂದ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಆ ಧಾಟಿ ಅವರ ನಾಲಿಗೆಗೂ ಹತ್ತಿಬಿಟ್ಟಿತ್ತು. ಊಟಕ್ಕೆ ಕೂತಾಗ ‘ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದರೆ ಸರಿಯಲ್ಲ’ ಎನ್ನುವರು. ಅಮ್ಮ ಏನೂ ಮಾತಾಡದೆ ಉಪ್ಪಿನ ಭರಣಿಯನ್ನು ಮುಂದಕ್ಕೆ ತಳ್ಳುವಳು.

ಅಂಥ ಮನೆಯಲ್ಲಿ ಬೆಳೆದವಳ ಕೈಗೆ, ಪಾಟೀಸವಾಲನ್ನೇ ಆಟ ಮಾಡಿಟ್ಟ ವಿಡಿಯೊ ಗೇಮ್ ಒಂದು ಸಿಕ್ಕಿದರೆ ಏನಾಗುತ್ತದೆ? ನನ್ನ ಅಕ್ಕನ ಮಗಳು ಒಂದು ಬೇಸಿಗೆ ರಜೆಯಲ್ಲಿ ತನ್ನ ನಿಂಟೆಂಡೊ ಡಿಎಸ್ ಯಂತ್ರವನ್ನು ನಮ್ಮ ಮನೆಯಲ್ಲಿ ಮರೆತುಹೋದಳು. ಪುಸ್ತಕದ ಹಾಗೆ ಬಿಚ್ಚಿಕೊಳ್ಳುವ, ಎರಡು ಪರದೆಯ ಪುಟ್ಟ ಯಂತ್ರ. ಅದರೊಳಗಿದ್ದ ಆಟದ ಹೆಸರು ‘ಫೀನಿಕ್ಸ್ ರೈಟ್: ಏಸ್ ಅಟಾರ್ನಿ’. ಅವಳು ಮುಂದಿನ ವಾರ ಬಂದು ಕೇಳಿದಾಗ ನಾನು ಯಂತ್ರ ಕೊಡಲಿಲ್ಲ. ಮೂರನೆಯ ಪ್ರಕರಣದ ನಡುವೆ ಇದ್ದೆ.

ಇವತ್ತಿನ ಮಾತು ಈ ಸರಣಿಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಅಭಿಮಾನಿಗಳ ಬಗ್ಗೆ. ಅವರಷ್ಟು ಜಗಳಗಂಟ ಅಭಿಮಾನಿಗಳನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನೂ ಅವರಲ್ಲಿ ಒಬ್ಬಳು ಎಂಬುದನ್ನು ಮೊದಲೇ ಒಪ್ಪಿಕೊಂಡು ಬಿಡುತ್ತೇನೆ.

ಆಟ ಹುಟ್ಟಿದ್ದು ಜಪಾನಿನಲ್ಲಿ, ಕ್ಯಾಪ್ಕಾಮ್ ಎಂಬ ಕಂಪನಿಯಲ್ಲಿ. 2000ದಲ್ಲಿ ‘ಡೈನೊ ಕ್ರೈಸಿಸ್ 2’ ಎಂಬ ಡೈನೋಸಾರುಗಳ ಆಟವನ್ನು ಮುಗಿಸಿದ್ದ ಶು ತಕುಮಿ ಎಂಬ ಯುವಕನಿಗೆ ಅವನ ಮೇಲಧಿಕಾರಿ ಶಿಂಜಿ ಮಿಕಾಮಿ, ‘ಆರು ತಿಂಗಳು ಕೊಡುತ್ತೇನೆ, ನಿನಗೆ ಬೇಕಾದ್ದು ಮಾಡು’ ಎಂದರಂತೆ. ತಕುಮಿ ಪತ್ತೇದಾರಿ ಕಥೆಗಳ ಹುಚ್ಚ. ಎದೊಗಾವಾ ರಾಂಪೊ ಎಂಬ ಜಪಾನಿ ಲೇಖಕನ ಒಂದು ಕಥೆಯಲ್ಲಿ ಅಪರಾಧಿ ಸಿಕ್ಕಿಬೀಳುವುದು ಬೆರಳಚ್ಚಿನಿಂದಲ್ಲ, ರಕ್ತದ ಕಲೆಯಿಂದಲ್ಲ, ತನ್ನದೇ ಮಾತಿನೊಳಗಿನ ವಿರೋಧದಿಂದ. ಆ ಕಥೆ ಅವನ ತಲೆಯಲ್ಲಿ ಕೂತಿತ್ತು. ಸುಳ್ಳನ್ನು ಹಿಡಿಯುವುದೇ ಆಟವಾದರೆ ಹೇಗೆ? ನಾಯಕ ಮೊದಲು ಪತ್ತೇದಾರನಾಗಿದ್ದ. ಆದರೆ ಸುಳ್ಳು ಹಿಡಿಯಲು ಸರಿಯಾದ ಜಾಗ ಕೋರ್ಟು ಎಂದು ಹೊಳೆದ ಮೇಲೆ ಅವನು ವಕೀಲನಾದ. ಏಳು ಜನರ ತಂಡ ಹತ್ತು ತಿಂಗಳಲ್ಲಿ ಕೆಲಸ ಮುಗಿಸಿತು. 2001ರ ಅಕ್ಟೋಬರ್ 12ರಂದು ‘ಗ್ಯಾಕುತೆನ್ ಸೈಬಾನ್’ ಬಂತು. ಗ್ಯಾಕುತೆನ್ ಎಂದರೆ ತಿರುವುಮುರುವಾಗುವುದು, ಸೈಬಾನ್ ಎಂದರೆ ನ್ಯಾಯವಿಚಾರಣೆ. ಸೋತೇಹೋಯಿತು ಎನ್ನುವ ಮೊಕದ್ದಮೆ ಕೊನೆಗಳಿಗೆಯಲ್ಲಿ ಮಗುಚಿಕೊಳ್ಳುವುದು.

ತಕುಮಿಗೆ ಇನ್ನೊಂದು ಆಸೆಯಿತ್ತು: ಆಟ ತನ್ನ ತಾಯಿಯೂ ಆಡುವಷ್ಟು ಸರಳವಾಗಿರಬೇಕು. ಈ ಮಾತು ನನಗೆ ಬಹಳ ಹಿಡಿಸಿತು. ಬೆರಳು ಚುರುಕಿಲ್ಲದ ನನ್ನಂಥವಳು ಇವತ್ತು ಒಂದು ವಿಡಿಯೊ ಗೇಮ್ ಕುರಿತು ರೇಡಿಯೊದಲ್ಲಿ ಕೂತು ಮಾತಾಡುತ್ತಿದ್ದರೆ ಅದಕ್ಕೆ ಆ ತಾಯಿಯೇ ಕಾರಣ.

ಆಡುವುದು ಹೇಗೆ ಎಂದು ಹೇಳಿಬಿಡುತ್ತೇನೆ. ಒಂದು ಕೊಲೆಯಾಗಿದೆ. ನಿಮ್ಮ ಕಕ್ಷಿದಾರನ ಮೇಲೆ ಆರೋಪ ಬಂದಿದೆ. ಊರೆಲ್ಲ ಓಡಾಡಿ ಮಾತಾಡಿಸಿ, ಸಿಕ್ಕಿದ್ದನ್ನೆಲ್ಲ ಕೋರ್ಟಿನ ಕಡತಕ್ಕೆ ಸೇರಿಸಿಕೊಳ್ಳುತ್ತೀರಿ. ಮರುದಿನ ಕೋರ್ಟಿನಲ್ಲಿ ಸಾಕ್ಷಿ ಆರೇಳು ವಾಕ್ಯ ಹೇಳುತ್ತದೆ. ನೀವು ಒಂದೊಂದೇ ವಾಕ್ಯದ ಮುಂದೆ ನಿಂತು ‘ತಾಳಿ’ ಎಂದು ಕೆದಕಬಹುದು. ಯಾವುದೋ ಒಂದು ವಾಕ್ಯ ನಿಮ್ಮ ಕಡತದ ಯಾವುದೋ ಒಂದು ಮುದ್ದೆಮಾಲಿಗೆ ತಾಳೆಯಾಗುವುದಿಲ್ಲ. ಅದನ್ನು ಹಿಡಿದು ಮುಂದಿಟ್ಟರೆ ನಿಮ್ಮ ವಕೀಲ ಬೆರಳು ಚಾಚಿ ‘ಆಕ್ಷೇಪಣೆ!’ ಎಂದು ಕಿರುಚುತ್ತಾನೆ, ಸಂಗೀತ ನಿಲ್ಲುತ್ತದೆ, ಸಾಕ್ಷಿ ಬೆವರುತ್ತದೆ. ಜಪಾನಿಯಲ್ಲಿ ಆ ಕೂಗು ‘ಇಗಿ ಆರಿ!’ ಮೊದಲ ಆಟದ ನಾಯಕನಿಗೆ ಆ ಕೂಗಿನ ದನಿ ಕೊಟ್ಟವನು ತಕುಮಿಯೇ. ಡಿಎಸ್ ಯಂತ್ರಕ್ಕೆ ಬಂದ ಆವೃತ್ತಿಯಲ್ಲಿ ಮೈಕಿನಲ್ಲಿ ನಾವೇ ಕೂಗಬಹುದು. ನಾನು ಒಂದು ಮಧ್ಯಾಹ್ನ ಕೂಗಿದೆ. ಪಕ್ಕದ ಮನೆಯವರು ಬಂದು ‘ಏನಾಯ್ತು ರೀ?’ ಎಂದು ಕೇಳಿಹೋದರು.

ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಪ್ರಕರಣದ ಕೊಲೆಗಾರ ಯಾರೆಂದು ಆಟವೇ ಆರಂಭದಲ್ಲಿ ತೋರಿಸಿಬಿಡುವುದರಿಂದ ಇದರಲ್ಲಿ ಗುಟ್ಟು ಬಿಟ್ಟುಕೊಟ್ಟ ಪಾಪವಿಲ್ಲ. ಸಾಕ್ಷಿ ಹೇಳುತ್ತಾನೆ, ಹೆಣ ನೋಡಿದ್ದು ಮಧ್ಯಾಹ್ನ ಒಂದು ಗಂಟೆಗೆ. ಮರಣೋತ್ತರ ಪರೀಕ್ಷೆ ಹೇಳುತ್ತದೆ, ಸತ್ತದ್ದು ನಾಲ್ಕು ಗಂಟೆಯ ಮೇಲೆ. ಟಿವಿಯಲ್ಲಿ ಗಂಟೆ ಕೇಳಿದೆ ಎನ್ನುತ್ತಾನೆ. ಆಗ ಕರೆಂಟ್ ಇರಲಿಲ್ಲ. ಮೇಜಿನ ಮೇಲಿನ ಗಡಿಯಾರ ನೋಡಿದೆ ಎನ್ನುತ್ತಾನೆ; ಮೇಜಿನ ಮೇಲಿದ್ದದ್ದು ಕೊಲೆಗೆ ಬಳಸಿದ ಪ್ರತಿಮೆ, ಗದ್ದಕ್ಕೆ ಕೈಕೊಟ್ಟು ಚಿಂತಿಸುತ್ತಿರುವ ಮನುಷ್ಯನದು. ಅದು ಬಾಯಿಬಿಟ್ಟು ಗಂಟೆ ಹೇಳುವ ಗಡಿಯಾರ ಎಂಬುದು ಅದನ್ನು ಕೈಯಲ್ಲಿ ಹಿಡಿದು ಬೀಸಿದವನಿಗಲ್ಲದೆ ಮತ್ತಾರಿಗೆ ಗೊತ್ತು? ಸರಿ, ಆದರೆ ಅದು ಯಾಕೆ ತಪ್ಪು ಗಂಟೆ ಹೇಳಿತು? ಸತ್ತವಳು ಹಿಂದಿನ ದಿನವಷ್ಟೇ ಪ್ಯಾರಿಸ್‌ನಿಂದ ಬಂದಿದ್ದಳು, ಗಡಿಯಾರವನ್ನು ಆಟ ನಡೆಯುವ ಊರಿನ ಗಂಟೆಗೆ ತಿರುಗಿಸಿರಲಿಲ್ಲ. ಅಲ್ಲಿ ರಾತ್ರಿ ಒಂದು, ಇಲ್ಲಿ ಸಂಜೆ ನಾಲ್ಕು. ಇದು ಇಂಗ್ಲಿಷ್ ಆವೃತ್ತಿಯ ಲೆಕ್ಕ. ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಅಪ್ಪ ಇದ್ದಿದ್ದರೆ, ‘ಗಡಿಯಾರ ನೋಡಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂದು ಟೈಪು ಮಾಡಿ ಹಾಳೆ ಎಳೆದುಕೊಡುತ್ತಿದ್ದರು.

ಈಗ ಯೋಚಿಸಿ. ಹೀಗೆ ಗಂಟೆಗಟ್ಟಲೆ, ವರ್ಷಗಟ್ಟಲೆ, ಒಬ್ಬ ಮನುಷ್ಯನಿಗೆ ‘ಪ್ರತಿ ವಾಕ್ಯವನ್ನೂ ಅನುಮಾನಿಸು, ಮೊದಲು ಹೇಳಿದ್ದಕ್ಕೂ ಈಗ ಹೇಳುವುದಕ್ಕೂ ತಾಳೆ ನೋಡು’ ಎಂದು ಕಲಿಸಿದರೆ ಅವನು ಆ ವಿದ್ಯೆಯನ್ನು ಎಲ್ಲಿ ಪ್ರಯೋಗಿಸುತ್ತಾನೆ? ಆಟದ ಮೇಲೆಯೇ. ಆರನೆಯ ಆಟದಲ್ಲಿ ಬಂದ ಮಾತು ನಾಲ್ಕನೆಯದಕ್ಕೆ ಹೊಂದುವುದಿಲ್ಲ ಎಂದು ಅಭಿಮಾನಿ ಬೆರಳು ಚಾಚುತ್ತಾನೆ. ಕಂಪನಿಯವರು ಇದರಿಂದ ಬೇಸರಪಟ್ಟುಕೊಂಡರೆ ಅದು ಅವರದೇ ಪಾಠದ ಫಲ. ಈ ಅಭಿಮಾನಿಗಳ ದೂರುಗಳಲ್ಲಿ ಬಹುಪಾಲು ಸರಿಯೆಂದೇ ನನ್ನ ಎಣಿಕೆ. ಕೆಲವು ಮಾತ್ರ ಗಾಳಿಗೆ ಗುದ್ದಿದ ಹಾಗೆ.

ಅತಿ ಹಳೆಯ ದೂರು ಇದು: ಬೀಗಕ್ಕೆ ಒಂದೇ ಕೀಲಿ. ಒಂದು ಸುಳ್ಳನ್ನು ಬಯಲು ಮಾಡಲು ನಿಮ್ಮ ಕಡತದಲ್ಲಿ ಎರಡು ಆಧಾರಗಳಿವೆ ಎನ್ನಿ. ಎರಡೂ ಅದನ್ನೇ ಸಾಧಿಸುತ್ತವೆ. ಆಟ ಮಾತ್ರ ಒಂದನ್ನೇ ಒಪ್ಪುತ್ತದೆ, ಇನ್ನೊಂದಕ್ಕೆ ದಂಡ. ಅದಕ್ಕಿಂತ ಕಷ್ಟ ಮುಂದಾಲೋಚನೆ ಉಳ್ಳವನದು. ನಾನು ಒಂದು ಸಲ ಕೊಲೆಗಾರನ ಯುಕ್ತಿ ಪೂರ್ತಿ ಬಿಡಿಸಿಬಿಟ್ಟೆನೆಂದು ಹಿಗ್ಗಿ ಆಧಾರ ಮುಂದಿಟ್ಟೆ. ನ್ಯಾಯಾಧೀಶರು ಗದರಿದರು. ಮತ್ತೆ ಇಟ್ಟೆ, ಮತ್ತೆ ಗದರಿದರು. ಅಕ್ಕನ ಮಗಳಿಗೆ ಫೋನ್ ಮಾಡಿದೆ.

‘ಚಿಕ್ಕಮ್ಮಾ, ನೀನು ಹೇಳಿದ್ದು ಸರಿಯಾಗೇ ಇದೆ. ಆದ್ರೆ ಅದು ಇನ್ನೂ ಆ ಪ್ರಶ್ನೆ ಕೇಳಿಲ್ಲ. ಅದು ಕೇಳೋವರೆಗೂ ನಿಂಗೆ ಗೊತ್ತಿಲ್ಲ ಅಂತ ನಟಿಸ್ಬೇಕು.’

‘ಗೊತ್ತಿದ್ದೂ?’

‘ಗೊತ್ತಿದ್ದೂ.’

ಬುದ್ಧಿವಂತಿಕೆಯ ಆಟ ಬುದ್ಧಿವಂತರಿಗೇ ದಂಡ ಹಾಕುವುದೆಂದರೆ ಇದು ಸಣ್ಣ ದೋಷವಲ್ಲ. ಈ ಕಥೆಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ, ಒಂದೇ ದಾರಿ, ಅದರಲ್ಲೇ ನಡೆಯಬೇಕು ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ‘ನೀವು ಹೇಳುವುದು ಸರಿ, ಅದಕ್ಕೆ ಆಮೇಲೆ ಬರೋಣ’ ಎಂದು ನ್ಯಾಯಾಧೀಶರ ಬಾಯಲ್ಲಿ ಒಂದು ವಾಕ್ಯ ಹೇಳಿಸಿದರೆ ಗಂಟೇನು ಹೋಗುತ್ತಿತ್ತು? ದಂಡವಿಲ್ಲದ ಒಂದು ವಾಕ್ಯ. ಅಭಿಮಾನಿಗಳು ಕೇಳುತ್ತಿರುವುದು ಇಷ್ಟೇ, ನನ್ನ ಮೊದಲ ಬೇಡಿಕೆಯೂ ಇದೇ.

ಕೋರ್ಟಿನಾಚೆಯ ಓಡಾಟದ ಬಗ್ಗೆ ದೂರು ಎರಡು ದಿಕ್ಕಿನಿಂದ ಬಂತು. ಹಳೆಯ ಆಟಗಳಲ್ಲಿ ಯಾರೊಡನೆಯೋ ಒಂದು ಮಾತು ಆಡುವುದು ಬಿಟ್ಟುಹೋದರೆ ಕಥೆ ಕದಲುವುದಿಲ್ಲ. ಆಸ್ಪತ್ರೆ, ಪೊಲೀಸ್ ಠಾಣೆ, ಕಚೇರಿ, ಮತ್ತೆ ಆಸ್ಪತ್ರೆ ಎಂದು ಅಲೆಯಬೇಕು. ಅಲೆದು ಸುಸ್ತಾದೆವು ಎಂದರು ಆಟಗಾರರು. 2013ರ ‘ಡ್ಯುಯಲ್ ಡೆಸ್ಟಿನೀಸ್’ನಲ್ಲಿ ಕಂಪನಿ ಮುಂದೇನು ಮಾಡಬೇಕೆಂಬ ಪಟ್ಟಿಯನ್ನೇ ಕೈಗೆ ಕೊಟ್ಟಿತು, ಕೊಲೆ ನಡೆದ ಜಾಗವಲ್ಲದೆ ಬೇರೆ ಜಾಗಗಳನ್ನು ಕೆದಕಿ ನೋಡುವ ಅವಕಾಶವನ್ನೂ ತೆಗೆಯಿತು. ಆಗ ಅದೇ ಜನ, ನಮ್ಮನ್ನು ಎಳೆಮಕ್ಕಳ ಹಾಗೆ ಕೈಹಿಡಿದು ನಡೆಸುತ್ತಿದ್ದಾರೆ ಎಂದರು. ಹೀಗಂದರೆ ಹಾಗೆ, ಹಾಗಂದರೆ ಹೀಗೆ ಎಂದು ನಗಬೇಡಿ. ಯಾವುದೋ ಕೋಣೆಯ ಏಣಿಯನ್ನು ನೋಡಿ ವಕೀಲನೂ ಅವನ ಜೊತೆಗಾತಿಯೂ ‘ಇದು ಏಣಿಯೋ, ಮಡಚುವ ಏಣಿಯೋ’ ಎಂದು ಜಗಳವಾಡುವುದು ಈ ಸರಣಿಯ ಜೀವ. ಕಥೆಗೆ ಅದರಿಂದ ಕವಡೆಯ ಉಪಯೋಗವಿಲ್ಲ. ಉಪಯೋಗವಿಲ್ಲದ್ದನ್ನು ಕಿತ್ತ ಮೇಲೆ ಉಳಿದದ್ದು ಬರೀ ಮೊಕದ್ದಮೆ.

ಹೆಸರುಗಳ ವಿಷಯವೂ ಇಂಥದೇ. ಜಪಾನಿಯಲ್ಲಿ ನಾಯಕನ ಹೆಸರು ನಾರುಹೋದೊ. ‘ನಾರುಹೋದೊ’ ಎಂದರೆ ‘ಓಹೋ, ಹಾಗೋ’. ತನ್ನ ಮೊಕದ್ದಮೆಯ ತಲೆಬುಡ ತಿಳಿಯದೆ ತಡಕಾಡುವ ವಕೀಲನಿಗೆ ಇಂಥ ಹೆಸರು. ಇಂಗ್ಲಿಷಿಗೆ ತರುವಾಗ ಅವನನ್ನು ಫೀನಿಕ್ಸ್ ರೈಟ್ ಮಾಡಿ, ಟೋಕಿಯೊ ಕಡೆಯ ಕಥೆಯನ್ನು ಲಾಸ್ ಏಂಜಲೀಸಿಗೆ ಒಯ್ದರು. ಜೊತೆಗಾತಿ ಮಾಯಾ ತಿನ್ನುವ ರಾಮೆನ್ ಶ್ಯಾವಿಗೆ ಬರ್ಗರ್ ಆಯಿತು. ಮುಂದೆ ಬಂದ ಕಥೆಗಳಲ್ಲಿ ಗುಡ್ಡದ ಮೇಲಿನ ದೇಗುಲ, ಆತ್ಮಗಳನ್ನು ಮೈಮೇಲೆ ಬರಿಸಿಕೊಳ್ಳುವ ಹೆಂಗಸರು, ಭೂತ ಕುಣಿಯುವ ಹಳ್ಳಿ ಎಲ್ಲ ಬಂದಾಗ ಲಾಸ್ ಏಂಜಲೀಸ್ ಎಲ್ಲಿ ಅಡಗಿಕೊಳ್ಳಬೇಕು? ಇದು ‘ಜಪಾನಿಫೋರ್ನಿಯಾ’ ಎಂದು ಅಭಿಮಾನಿಗಳು ನಗುತ್ತ ಹೆಸರಿಟ್ಟರು. ಇದನ್ನು ಕೆಲವರು ದೊಡ್ಡ ತಪ್ಪೆನ್ನುತ್ತಾರೆ, ನನಗೆ ಹಾಗೆನಿಸುವುದಿಲ್ಲ. ಶ್ಲೇಷೆಯನ್ನು ಶ್ಲೇಷೆಯಾಗಿ ದಾಟಿಸಿದ ಅನುವಾದಕರಿಗೆ ಒಂದು ಊರಿನ ಮಟ್ಟಿಗೆ ಮಾಫಿ ಕೊಡಬಹುದು.

‘ಕೋರ್ಟು ಹೀಗಿರುವುದಿಲ್ಲ’ ಎಂಬ ದೂರು ಎಲ್ಲರ ಬಾಯಲ್ಲೂ ಇದೆ. ಇಲ್ಲಿ ಮೂರು ದಿನದೊಳಗೆ ತೀರ್ಪಾಗಬೇಕು. ಅಪ್ಪ ಈ ಮಾತು ಕೇಳಿದ್ದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅವರು ಕಂಡದ್ದು ವಾಯಿದೆಯ ಮೇಲೆ ವಾಯಿದೆ. ಮೊದಲ ಆಟದ ನಾಲ್ಕನೆಯ ಪ್ರಕರಣದಲ್ಲಿ ವಕೀಲ ಒಂದು ಗಿಣಿಯನ್ನು ಕಟಕಟೆಗೆ ತಂದು ಪಾಟೀಸವಾಲು ಮಾಡುತ್ತಾನೆ. ಆರೋಪಿಯೇ ತನ್ನ ನಿರ್ದೋಷವನ್ನು ಸಾಧಿಸಬೇಕು, ಸರ್ಕಾರಿ ವಕೀಲ ಸಾಕ್ಷಿಯನ್ನು ತಿದ್ದಿ ತರುತ್ತಾನೆ, ಪೊಲೀಸರೇ ಆಧಾರ ಸೃಷ್ಟಿಸುತ್ತಾರೆ. ಹೀಗೂ ಉಂಟೇ ಎಂಬುದು ದೂರು.

ಗಿಣಿಯ ವಿಷಯ ಬಿಡಿ. ಉಳಿದದ್ದು? ಜಪಾನಿನಲ್ಲಿ ಕೋರ್ಟಿಗೆ ಬಂದ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಶಿಕ್ಷೆಯಲ್ಲೇ ಮುಗಿಯುತ್ತವೆ. ಖಚಿತವಿದ್ದರಷ್ಟೇ ಅಲ್ಲಿನ ಸರ್ಕಾರಿ ವಕೀಲರು ಮೊಕದ್ದಮೆ ಹೂಡುತ್ತಾರೆ ಎಂಬುದು ಒಂದು ಸಮಜಾಯಿಷಿ. ತಪ್ಪೊಪ್ಪಿಗೆಯ ಮೇಲೆ ಅತಿಯಾದ ಭರವಸೆ ಎಂಬುದು ಅದರ ಟೀಕೆ. ಅದೇ ಗಿಣಿಯ ಪ್ರಕರಣದಲ್ಲಿ ಹಳೆಯ ಕೊಲೆಯೊಂದಕ್ಕೆ ಹದಿನೈದು ವರ್ಷದ ಗಡುವು ಮುಗಿಯುತ್ತ ಬಂದಿರುತ್ತದೆ, ಆ ರಾತ್ರಿ ಕಳೆದರೆ ಕೊಲೆಗಾರನನ್ನು ಯಾರೂ ಮುಟ್ಟುವಂತಿಲ್ಲ. ಈಗಿನ ಹುಡುಗರು ಇದನ್ನು ಕಥೆಗಾರನ ಹಿಕಮತ್ತು ಎಂದುಕೊಳ್ಳುತ್ತಾರೆ. ಆಟ ಬಂದ 2001ರಲ್ಲಿ ಜಪಾನಿನ ಕಾನೂನೇ ಹಾಗಿತ್ತು. ಆಮೇಲೆ ಅದನ್ನು ಇಪ್ಪತ್ತೈದು ವರ್ಷಕ್ಕೆ ಏರಿಸಿ, 2010ರ ಏಪ್ರಿಲ್‌ನಲ್ಲಿ ಕೊಲೆಗೆ ಕಾಲಮಿತಿಯನ್ನೇ ತೆಗೆದುಹಾಕಿದರು.

ಆಧಾರ ಸೃಷ್ಟಿಸುವ ಪೊಲೀಸರು? 1966ರಲ್ಲಿ ಶಿಜುವೊಕಾದಲ್ಲಿ ಒಂದು ಮನೆಯ ನಾಲ್ವರ ಕೊಲೆಯಾಯಿತು. ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆ ಮಾಡುವ ಕಾರ್ಖಾನೆಯ ಕೆಲಸಗಾರ ಇವಾವೊ ಹಕಮಾದ ಎಂಬಾತನನ್ನು ಹಿಡಿದರು. 1968ರಲ್ಲಿ ಮರಣದಂಡನೆ ವಿಧಿಸಿದರು. ಕೊಲೆಯಾಗಿ ಒಂದು ವರ್ಷ ಕಳೆದ ಮೇಲೆ ಮಿಸೊ ತೊಟ್ಟಿಯೊಳಗೆ ಸಿಕ್ಕಿದವೆಂದು ತೋರಿಸಿದ ರಕ್ತಸಿಕ್ತ ಬಟ್ಟೆಗಳು ಮುಖ್ಯ ಆಧಾರ. ಅಷ್ಟು ಕಾಲ ಮಿಸೊದಲ್ಲಿ ನೆಂದರೆ ರಕ್ತ ಕೆಂಪಗೆ ಉಳಿಯುತ್ತದೆಯೇ? ಥೇಟು ಆಟದ ಪ್ರಶ್ನೆ. ಅದಕ್ಕೆ ಮರುವಿಚಾರಣೆಯ ಉತ್ತರ ಸಿಕ್ಕಿದ್ದು 2024ರ ಸೆಪ್ಟೆಂಬರ್ 26ರಂದು: ಆ ಬಟ್ಟೆಗಳು ತನಿಖೆಗಾರರೇ ಸೃಷ್ಟಿಸಿದ ಆಧಾರ, ಆರೋಪಿ ನಿರ್ದೋಷಿ. ಅವರಿಗೆ ಆಗ 88 ವರ್ಷ. ಅದೇ ತಿಂಗಳ 6ರಂದು ಈ ಸರಣಿಯ ಎಡ್ಜ್‌ವರ್ತ್ ಎಂಬ ಸರ್ಕಾರಿ ವಕೀಲನ ಎರಡು ಆಟಗಳು ಹೊಸದಾಗಿ ಮಾರುಕಟ್ಟೆಗೆ ಬಂದಿದ್ದವು. ಸುಳ್ಳು ಆಧಾರದ ನೆರಳು ಅವನ ಹೆಸರಿಗೆ ಮೊದಲಿನಿಂದಲೂ ಅಂಟಿದೆ. ‘ಹೀಗೂ ಉಂಟೇ’ ಎಂಬ ದೂರನ್ನು ನಾನು ಅವತ್ತಿನಿಂದ ಕಿವಿಗೆ ಹಾಕಿಕೊಂಡಿಲ್ಲ.

ಇನ್ನು ನಿಜವಾದ ಜಗಳಕ್ಕೆ ಬರೋಣ.

ಸಂಗೀತದಲ್ಲಿ ಘರಾಣೆಗಳಿರುವಂತೆ ಇಲ್ಲಿ ಎರಡು ಬಣ. ತಕುಮಿ ಬರೆದದ್ದು ಮೊದಲ ನಾಲ್ಕು ಆಟಗಳು; ತಾಕೇಶಿ ಯಮಝಾಕಿ ನಿರ್ದೇಶಿಸಿದ್ದು ಎಡ್ಜ್‌ವರ್ತ್‌ನ ಎರಡು ಆಟಗಳು ಮತ್ತು ಐದನೆಯದು; 2016ರ ಆರನೆಯದರ ಕಥೆಯೂ ಅವರ ಕಡೆಯದೇ. ತಕುಮಿಯ ಕಣ್ಣಲ್ಲಿ ಫೀನಿಕ್ಸ್‌ನ ಕಥೆ 2004ರ ಮೂರನೆಯ ಆಟಕ್ಕೆ ಮುಗಿದಿತ್ತು. ಮೊದಲ ಆಟದಲ್ಲಿ ಬಿತ್ತಿದ್ದು ಮೂರನೆಯದರಲ್ಲಿ ಫಲಕ್ಕೆ ಬಂದ ರೀತಿ ನೋಡಿದರೆ ಆ ಮಾತು ನ್ಯಾಯವೇ. ಆದರೆ ಗಿರಾಕಿ ಬಿಡಬೇಕಲ್ಲ. 2007ರ ನಾಲ್ಕನೆಯದರಲ್ಲಿ ಅಪೋಲೊ ಜಸ್ಟಿಸ್ ಎಂಬ ಹೊಸ ಹುಡುಗ ನಾಯಕನಾಗಿ ಬಂದ. ಫೀನಿಕ್ಸ್ ಸುಳ್ಳು ಆಧಾರ ಮುಂದಿಟ್ಟ ಅಪವಾದ ಹೊತ್ತು, ಸನದು ಕಳೆದುಕೊಂಡು, ಏಳು ವರ್ಷ ಉಣ್ಣೆಯ ಟೋಪಿ ಹಾಕಿಕೊಂಡು ಇಸ್ಪೀಟು ಆಡುವವನಾಗಿ ಕಾಣಿಸಿಕೊಂಡ. ಅಭಿಮಾನಿಗಳ ಎದೆ ಒಡೆಯಿತು. ನನಗೆ ಆ ಇಳಿವಯಸ್ಸಿನಂಥ ಕಳೆಯ ಫೀನಿಕ್ಸ್ ಬಹಳ ಇಷ್ಟ, ಆದರೆ ನಮ್ಮ ಹುಡುಗಿಯ ಮುಂದೆ ಹಾಗೆ ಹೇಳಿ ಉಳಿಯುವಂತಿಲ್ಲ.

ಅದೇ ಆಟದ ಕೊನೆಯಲ್ಲಿ ಜನಸಾಮಾನ್ಯರನ್ನು ತೀರ್ಪಿನಲ್ಲಿ ಸೇರಿಸಿಕೊಳ್ಳುವ ಹೊಸ ಪದ್ಧತಿಯ ಪ್ರಯೋಗ ಬರುತ್ತದೆ. ಜಪಾನ್ ಆಗ ನಿಜವಾಗಿಯೂ ಅದಕ್ಕೆ ಸಿದ್ಧವಾಗುತ್ತಿತ್ತು; 2009ರ ಮೇ ತಿಂಗಳಿಂದ ಗಂಭೀರ ಅಪರಾಧಗಳಲ್ಲಿ ಮೂವರು ನ್ಯಾಯಾಧೀಶರ ಜೊತೆ ಆರು ಮಂದಿ ನಾಗರಿಕರು ಕೂರುವ ವ್ಯವಸ್ಥೆ ಅಲ್ಲಿ ಜಾರಿಗೆ ಬಂತು. ಆಟದಲ್ಲಿ ಮಾತ್ರ ಆ ಪದ್ಧತಿ ಮುಂದಿನ ಕಂತಿಗೆ ಮಾಯ! ಯಾರೂ ಅದರ ಸುದ್ದಿಯೆತ್ತಲಿಲ್ಲ. ಅಭಿಮಾನಿಗಳು ಎತ್ತಿದರು.

ಅಪೋಲೊ ಪಾಡು ಇನ್ನೂ ಕಷ್ಟದ್ದು. ಇಲ್ಲಿ ಒಂದು ಗುಟ್ಟು ಬಿಟ್ಟುಕೊಡದೆ ನಾನು ಮುಂದೆ ಹೋಗಲಾರೆ, ಕ್ಷಮಿಸಬೇಕು. ಅಪೋಲೊ, ಮತ್ತು ಫೀನಿಕ್ಸ್ ಸಾಕಿಕೊಂಡ ಟ್ರೂಸಿ ಎಂಬ ಜಾದೂಗಾರ ಹುಡುಗಿ, ಒಂದೇ ತಾಯಿಯ ಮಕ್ಕಳು. ಇದು ತಾಯಿಗೆ ಗೊತ್ತು, ಫೀನಿಕ್ಸ್‌ಗೆ ಗೊತ್ತು, ಆಡುವ ನಮಗೆ ಗೊತ್ತು. ಒಂದೇ ಕಚೇರಿಯಲ್ಲಿ ದಿನಾ ಎದುರುಬದುರು ಕೂರುವ ಆ ಅಣ್ಣ ತಂಗಿಗೆ ಗೊತ್ತಿಲ್ಲ. ‘ಸಮಯ ಬಂದಾಗ ಹೇಳೋಣ’ ಎಂದು 2007ರಲ್ಲಿ ದೊಡ್ಡವರು ಮಾತಾಡಿಕೊಂಡರು. 2013ರಲ್ಲಿ ಹೇಳಲಿಲ್ಲ. ಬದಲಿಗೆ ಅಪೋಲೊಗೆ, ಮೊದಲು ಹೆಸರೂ ಕೇಳಿರದ ಒಬ್ಬ ಪ್ರಾಣಸ್ನೇಹಿತನನ್ನು ಸೃಷ್ಟಿಸಿ ಸಾಯಿಸಿದರು. 2016ರಲ್ಲೂ ಹೇಳಲಿಲ್ಲ. ಬದಲಿಗೆ ಹಿಮಾಲಯದ ಸೀಮೆಯನ್ನು ನೆನಪಿಸುವ ಕುರೈನ್ ಎಂಬ ರಾಜ್ಯದಲ್ಲಿ ಅವನಿಗೆ ಸಾಕುತಂದೆಯನ್ನೂ ಸಾಕುಸೋದರನನ್ನೂ ಕೊಟ್ಟು, ಕ್ರಾಂತಿ ಮಾಡಿಸಿ, ಅಲ್ಲೇ ಬಿಟ್ಟುಬಂದರು. ಮೂರು ಆಟ, ಮೂರು ಬಾಲ್ಯ. ಒಬ್ಬ ಸಾಕ್ಷಿ ತನ್ನ ಬಾಲ್ಯದ ಬಗ್ಗೆ ಮೂರು ಸಲ ಮೂರು ಥರ ಹೇಳಿದ್ದರೆ ಈ ಆಟವೇ ಅವನನ್ನು ಕಟಕಟೆಯಿಂದ ಇಳಿಯಗೊಡುತ್ತಿರಲಿಲ್ಲ.

2016ರ ನಂತರ ಈ ಮುಖ್ಯ ಸಾಲಿನಲ್ಲಿ ಹೊಸ ಆಟ ನಾನು ಕಂಡಿಲ್ಲ. ಬಂದವು ಹಳೆಯವುಗಳ ಹೊಸ ಕಟ್ಟುಗಳು: 2019ರಲ್ಲಿ ಮೊದಲ ಮೂರು ಒಟ್ಟಿಗೆ, 2024ರ ಜನವರಿಯಲ್ಲಿ ನಾಲ್ಕು, ಐದು, ಆರು ಒಟ್ಟಿಗೆ. ಯಮಝಾಕಿ 2020ರಲ್ಲಿ ಕಂಪನಿ ಬಿಟ್ಟರು. ಕಟ್ಟುಗಳಿಗೆ ಸಂತೋಷವೇ. ಆದರೆ ಏಳನೆಯದು ಎಲ್ಲಿ ಎಂಬ ಪ್ರಶ್ನೆ ಪ್ರತಿ ಕಟ್ಟಿನ ಹಿಂದೆಯೂ ಬಂದು ನಿಲ್ಲುತ್ತದೆ.

ಕಾಯುವುದು ಈ ಜನಕ್ಕೆ ಹೊಸದಲ್ಲ. ಎಡ್ಜ್‌ವರ್ತ್‌ನ ಎರಡನೆಯ ಆಟ 2011ರಲ್ಲಿ ಜಪಾನಿನಲ್ಲಿ ಬಂತು, ಇಂಗ್ಲಿಷಿಗೆ ಬರಲೇ ಇಲ್ಲ. ಕಾದರು, ಬರೆದು ಕೇಳಿದರು, ಕೊನೆಗೆ ತಾವೇ ಕೂತು ಅನುವಾದಿಸಿದರು. ಸಂಬಳವಿಲ್ಲ, ಹೆಸರಿಲ್ಲ, ಸಾವಿರಾರು ಸಾಲು ಸಂಭಾಷಣೆ, ಶ್ಲೇಷೆಗೆ ಶ್ಲೇಷೆ, ಪಾತ್ರಗಳಿಗೆ ಹೊಸ ನಾಮಕರಣ. 2014ರಲ್ಲಿ ಕೆಲಸ ಮುಗಿಯಿತು. ಇದೇ ಇಡೀ ಸರಣಿಯಲ್ಲಿ ಅತ್ಯುತ್ತಮ ಎನ್ನುವವರು ಬಹಳ ಮಂದಿ; ತಂದೆ ಮಕ್ಕಳ ಸಂಬಂಧವನ್ನು ಐದು ಪ್ರಕರಣಗಳಲ್ಲಿ ಹೆಣೆದಿರುವ ಬಗೆ ಕಂಡು ನಾನೂ ಹೌದೆನ್ನುತ್ತೇನೆ. ಕಂಪನಿಯ ಅಧಿಕೃತ ಇಂಗ್ಲಿಷ್ ಆವೃತ್ತಿ ಬಂದದ್ದು ಹದಿಮೂರು ವರ್ಷಗಳ ಮೇಲೆ, ಆಗಲೇ ಹೇಳಿದ 2024ರ ಸೆಪ್ಟೆಂಬರಿನಲ್ಲಿ. ಅದರಲ್ಲಿ ಪಾತ್ರಗಳ ಹೆಸರುಗಳೇ ಬೇರೆ. ಹತ್ತು ವರ್ಷ ಸೆಬಾಸ್ಟಿಯನ್ ಎಂದು ಕರೆದ ಹುಡುಗ ಒಂದು ಬೆಳಗ್ಗೆ ಯೂಸ್ಟೇಸ್ ಆದರೆ ಹೇಗಾಗಬೇಡ? ಹಳೆಯ ಹೆಸರೇ ಚೆಂದ ಎಂದು ಒಂದು ಗುಂಪು, ಹೊಸದೇ ಮೂಲಕ್ಕೆ ಹತ್ತಿರ ಎಂದು ಇನ್ನೊಂದು. ತೊಟ್ಟಿಲಲ್ಲಿ ಇಟ್ಟ ಹೆಸರು ಶಾಲೆಯ ದಾಖಲೆಯಲ್ಲಿ ಬದಲಾದಾಗ ಅಜ್ಜಿಯರು ಮುನಿಸಿಕೊಳ್ಳುತ್ತಾರಲ್ಲ, ಹಾಗೆ.

ತಕುಮಿ ಈ ನಡುವೆ ಬೇರೆ ಕಡೆಗೆ ಹೊರಳಿದ್ದರು. 2015 ಮತ್ತು 2017ರಲ್ಲಿ ಬಂದ ‘ದಿ ಗ್ರೇಟ್ ಏಸ್ ಅಟಾರ್ನಿ’ಯ ಎರಡು ಭಾಗಗಳು ಫೀನಿಕ್ಸ್‌ನ ಪೂರ್ವಜನ ಕಥೆ. ಮೇಜಿ ಕಾಲದ ಜಪಾನಿ ವಿದ್ಯಾರ್ಥಿ ಹಡಗು ಹತ್ತಿ ವಿಕ್ಟೋರಿಯಾ ರಾಣಿಯ ಲಂಡನ್ನಿಗೆ ಹೋಗಿ, ಅವನ ಮುಖ ನೋಡಿಯೇ ಮೂಗು ಮುರಿಯುವ ಜನರ ಮುಂದೆ ವಾದಿಸುತ್ತಾನೆ. ಆರು ಮಂದಿ ಜ್ಯೂರಿಗಳು ಮೇಲೆ ಸಾಲಾಗಿ ಕೂತಿರುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ತಗುಲಿಸಿ ಅವರ ಮನಸ್ಸು ತಿರುಗಿಸಬೇಕು. ಅಲ್ಲಿ ಷರ್ಲಾಕ್ ಹೋಮ್ಸ್ ಇದ್ದಾನೆ, ಅವನ ತರ್ಕ ಯಾವಾಗಲೂ ಒಂದು ಗೇಣು ತಪ್ಪು, ತಿದ್ದುವ ಕೆಲಸ ನಮ್ಮದು. ಇಂಗ್ಲಿಷ್ ಆವೃತ್ತಿಯಲ್ಲಿ ಅವನ ಹೆಸರು ಹರ್ಲಾಕ್ ಶೋಮ್ಸ್ ಎಂದಾಗಿದೆ. ನೂರು ವರ್ಷದ ಹಿಂದೆ ಮೊರೀಸ್ ಲೆಬ್ಲಾಂ ಎಂಬ ಫ್ರೆಂಚ್ ಲೇಖಕ, ಕಾನನ್ ಡಾಯ್ಲ್ ತಕರಾರು ಮಾಡಿದ್ದರಿಂದ ಹೂಡಿದ್ದ ಉಪಾಯವಿದು. ಜಪಾನಿನ ಮಹಾಲೇಖಕ ನತ್ಸುಮೆ ಸೋಸೆಕಿ ಒಂದು ಪ್ರಕರಣದಲ್ಲಿ ಆರೋಪಿ! ಸೋಸೆಕಿ 1900ರಿಂದ 1902ರವರೆಗೆ ನಿಜವಾಗಿಯೂ ಲಂಡನ್ನಿನಲ್ಲಿದ್ದರು, ಒಂಟಿಯಾಗಿ, ಬಹಳ ಕಷ್ಟಪಟ್ಟು. ಅವರನ್ನು ಕಟಕಟೆಯಲ್ಲಿ ನಿಲ್ಲಿಸಿ ನಗಿಸುತ್ತಲೇ ಅವರ ಒಂಟಿತನವನ್ನೂ ತಕುಮಿ ಕಾಣಿಸಿದ್ದಾರೆ. ಮೊದಲ ಭಾಗ ಎತ್ತಿನಗಾಡಿಯಷ್ಟು ನಿಧಾನ, ಅದು ನಿಜ. ಇಂಗ್ಲಿಷಿನಲ್ಲಿ ಎರಡೂ ಒಟ್ಟಿಗೆ ಸಿಕ್ಕಿದ್ದು 2021ರಲ್ಲಿ.

ಮುಜುಗರದ ಒಂದು ಮಾತನ್ನೂ ಹೇಳಬೇಕು. ಎರಡನೆಯ ಆಟದ ಮೂರನೆಯ ಪ್ರಕರಣ ಸರ್ಕಸ್ಸಿನದು. ಹದಿನಾರರ ಹುಡುಗಿಯನ್ನು ಮದುವೆಯಾಗಲು ದೊಡ್ಡ ಗಂಡಸರು ಹಾತೊರೆಯುವುದನ್ನು ಅದು ತಮಾಷೆ ಎಂದುಕೊಂಡಿದೆ. ಅಭಿಮಾನಿಗಳು ಅತಿ ಹೆಚ್ಚು ಬೈಯುವ ಪ್ರಕರಣಗಳಲ್ಲಿ ಇದೂ ಒಂದು. ಬೈಯಲಿ. ವಯಸ್ಸಾದ ಹೆಂಗಸರನ್ನು ಬರೀ ವಟವಟದವರನ್ನಾಗಿ ಮಾಡುವ ಚಾಳಿಯೂ ಸರಣಿಗೆ ಇದೆ. ನಾನು ಆ ವಯಸ್ಸಿನ ಹತ್ತಿರ ಬಂದಿರುವುದರಿಂದ ಈಚೆಗೆ ಅದು ಸ್ವಲ್ಪ ಚುಚ್ಚುತ್ತದೆ.

ಇದೆಲ್ಲದರ ಮೇಲೆ ನನ್ನದೇ ಒಂದು ಆಕ್ಷೇಪಣೆಯಿದೆ, ಬೇರೆಯವರು ಇದನ್ನು ಇಷ್ಟು ಒತ್ತಿ ಹೇಳುವುದನ್ನು ಕೇಳಿಲ್ಲ. ಈ ಆಟದಲ್ಲಿ ನಿಮ್ಮ ಕಕ್ಷಿದಾರ ನಿರಪರಾಧಿ ಎಂಬುದು ಕಟ್ಟಿಟ್ಟ ಬುತ್ತಿ. ಆಧಾರಗಳು ಏನೇ ಹೇಳಲಿ, ವಕೀಲ ನಂಬಬೇಕು, ನಂಬಿದರೆ ಗೆಲ್ಲುತ್ತಾನೆ. ಹತ್ತು ಪ್ರಕರಣ ಆಡಿದ ಮೇಲೆ ನಂಬಿಕೆಗೆ ಬೆಲೆಯೇ ಉಳಿಯುವುದಿಲ್ಲ, ಏಕೆಂದರೆ ಸೋಲುವ ಭಯವಿಲ್ಲ. ಕೋರ್ಟಿನಲ್ಲಿ ಮೂವತ್ತು ವರ್ಷ ಕೂತಿದ್ದ ಅಪ್ಪ ಹೇಳುತ್ತಿದ್ದರು, ವಕೀಲನಿಗೆ ಕಷ್ಟದ ರಾತ್ರಿ ಮೊಕದ್ದಮೆ ಸೋತದ್ದಲ್ಲ, ಗೆಲ್ಲಬಾರದ್ದನ್ನು ಗೆದ್ದದ್ದು ಎಂದು. ಈ ಸರಣಿಗೆ ಅದು ಗೊತ್ತಿಲ್ಲ ಎಂದರೆ ಸರಿಯಲ್ಲ. ಎರಡನೆಯ ಆಟದ ನಾಲ್ಕನೆಯ ಪ್ರಕರಣದಲ್ಲಿ ಆ ರಾತ್ರಿ ಇದೆ. ಯಾರು, ಏನು ಎಂದು ಹೇಳುವುದಿಲ್ಲ. ವಕೀಲನಿಗೆ ಬಿಡುಗಡೆ ಗೆಲ್ಲಲೇಬೇಕಾದ ಒತ್ತಡ ಒಂದು ಕಡೆ, ಗೆದ್ದರೆ ಏನಾಗುತ್ತದೆಂಬ ಅರಿವು ಇನ್ನೊಂದು ಕಡೆ. ನ್ಯಾಯಾಧೀಶರು ಪ್ರಶ್ನೆ ಕೇಳುತ್ತಾರೆ, ಗುಂಡಿ ಒತ್ತಬೇಕಾದವರು ನಾವು. ಗುಂಡಿಯ ಮೇಲೆ ಹೆಬ್ಬೆರಳಿಟ್ಟು ನಾನು ಎಷ್ಟೋ ಹೊತ್ತು ಒತ್ತದೆ ಕೂತಿದ್ದೆ. ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು.

2002ರಲ್ಲಿ ಬರೆದ ಆ ಧೈರ್ಯ ಮುಂದಿನ ಆಟಗಳಲ್ಲಿ ಅಷ್ಟು ತೀಕ್ಷ್ಣವಾಗಿ ಮರಳಿ ಬರಲಿಲ್ಲ. ಬದಲಿಗೆ ನ್ಯಾಯಾಲಯಕ್ಕೆ ಬಾಂಬಿಟ್ಟರು, ಬಾಹ್ಯಾಕಾಶಕ್ಕೆ ಹೋದರು, ರಾಣಿಯನ್ನು ಸಿಂಹಾಸನದಿಂದ ಇಳಿಸಿದರು. ಅಷ್ಟೆಲ್ಲ ಬೇಡವಾಗಿತ್ತು. ಏಳನೆಯದು ಬರುವುದಾದರೆ ಒಂದು ಸಣ್ಣ ಊರು ಸಾಕು, ಒಂದು ಗಡಿಯಾರ ಸಾಕು. ಫೀನಿಕ್ಸ್‌ಗೆ ವಿಶ್ರಾಂತಿ ಕೊಡಲಿ. ಅಪೋಲೊವನ್ನು ಊರಿಗೆ ಕರೆಸಿ ತಂಗಿಯ ಎದುರು ಕೂರಿಸಲಿ. ಒಂದು ಸಲವಾದರೂ ನಾವು ನಂಬಿದವರು ನಮಗೆ ಮೋಸ ಮಾಡಲಿ. ಮತ್ತು ನಾನು ಮುಂಚಿತವಾಗಿ ಸರಿಯುತ್ತರ ಹೇಳಿದರೆ ದಯಮಾಡಿ ದಂಡ ಹಾಕದಿರಲಿ.

ಈ ಆಟಗಳು ಕನ್ನಡದಲ್ಲಿಲ್ಲ, ನಮ್ಮ ಯಾವ ಭಾಷೆಯಲ್ಲೂ ಇಲ್ಲ. ಇಂಗ್ಲಿಷ್ ಓದಲು ಬಂದರೆ ಸಾಕು, ಬೆರಳು ಚುರುಕಿರಬೇಕಿಲ್ಲ. ಶುರುಮಾಡುವವರು ಮೊದಲ ಮೂರು ಆಟಗಳ ಕಟ್ಟಿನಿಂದಲೇ ಶುರುಮಾಡಿ, ಕ್ರಮ ತಪ್ಪಿಸಬೇಡಿ. ನಡುವೆ ಆ ಸರ್ಕಸ್ಸಿನ ಪ್ರಕರಣ ಬಂದಾಗ ಬೇಸರವಾಗಿ ಯಂತ್ರ ಮುಚ್ಚಿಡಬೇಕೆನಿಸುತ್ತದೆ. ಮುಚ್ಚಬೇಡಿ. ನಾನು ಹೇಳಿದ ಆ ರಾತ್ರಿ ಅದರ ಮಗ್ಗುಲಲ್ಲೇ ಇದೆ. ಹಾಲು ಒಲೆಯ ಮೇಲಿದ್ದರೆ ಮೊದಲು ಇಳಿಸಿಕೊಳ್ಳಿ.